ತೂಕ ಇಳಿಸುವ ಆಪರೇಷನ್ ಆದ ಮೇಲೆ ಮದ್ಯ: ಹಳೆಯ ಲಿಮಿಟ್ ಈಗ ಲೆಕ್ಕಕ್ಕಿಲ್ಲ

*ಚೆನ್ನೈನ ಕನ್ನಡ ಕುಟುಂಬಗಳಿಗೆ ಈ ವಾರದ ಆರೋಗ್ಯ ಪಾಠ*



ಈ ವಾರದ ವಿಷಯ ಸ್ವಲ್ಪ ಮುಜುಗರದ್ದು. ನಮ್ಮ ಮನೆಗಳಲ್ಲಿ ಶುಗರ್ ಬಗ್ಗೆ ಮಾತಾಡುತ್ತೇವೆ, ಬಿ.ಪಿ. ಬಗ್ಗೆ ಮಾತಾಡುತ್ತೇವೆ. ಕುಡಿತದ ಮಾತು ಬಂದರೆ ಮಾತ್ರ ಟಿ.ವಿ. ಸದ್ದು ಜಾಸ್ತಿ ಮಾಡಿ ಸುಮ್ಮನಾಗುತ್ತೇವೆ. ಆದರೆ ತೂಕ ಇಳಿಸುವ ಆಪರೇಷನ್, ಅಂದರೆ ಬೇರಿಯಾಟ್ರಿಕ್ ಸರ್ಜರಿ ಆದವರ ಮನೆಯಲ್ಲಿ ಈ ಮಾತನ್ನು ಆಡದೆ ಇರುವಂತಿಲ್ಲ. ಚೆನ್ನೈನಲ್ಲಿ ಈ ಆಪರೇಷನ್ ಮಾಡುವ ಆಸ್ಪತ್ರೆಗಳು ಹಲವು ಇವೆ. ನಮ್ಮ ಪೈಕಿಯೂ ಮಾಡಿಸಿಕೊಂಡವರಿದ್ದಾರೆ, ಮಾಡಿಸಿಕೊಳ್ಳಲು ಯೋಚಿಸುತ್ತಿರುವವರೂ ಇದ್ದಾರೆ.

ಆಪರೇಷನ್ ಬೇಡ ಎಂದು ಹೇಳುವ ಬರಹ ಇದಲ್ಲ. ಸರಿಯಾದ ರೋಗಿಗೆ ಅದು ಜೀವ ಉಳಿಸುವ ಚಿಕಿತ್ಸೆ. ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ, ಮಂಡಿ ನೋವು ಕಡಿಮೆಯಾಗುತ್ತದೆ, ನಿದ್ದೆಯಲ್ಲಿ ಉಸಿರು ಕಟ್ಟುವುದು ತಪ್ಪುತ್ತದೆ. ಇಲ್ಲಿ ಹೇಳಬೇಕಾದದ್ದು ಒಂದೇ ಮಾತು: *ಆಪರೇಷನ್‌ಗೆ ಮೊದಲು ನಿಮಗಿದ್ದ "ಲಿಮಿಟ್" ಆಪರೇಷನ್ ಆದ ದಿನವೇ ಮುಗಿಯಿತು.* "ನನ್ನ ಲಿಮಿಟ್ ನನಗೆ ಗೊತ್ತು" ಎನ್ನುವವರಿಗೆ ಗೊತ್ತಿರುವುದು ಹಳೆಯ ಹೊಟ್ಟೆಯ ಲಿಮಿಟ್.

*1. ಹೊಟ್ಟೆಯಲ್ಲಿ ಏನು ಬದಲಾಗಿದೆ?*

ಹೆಚ್ಚಾಗಿ ನಡೆಯುವ ಆಪರೇಷನ್‌ಗಳು ಎರಡು ಬಗೆ.

ಸ್ಲೀವ್: ಜಠರದ ಸುಮಾರು ಮುಕ್ಕಾಲು ಭಾಗ ಅಥವಾ ಅದಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ.

ಬೈಪಾಸ್: ಜಠರದ ಮೇಲ್ಭಾಗದಲ್ಲಿ ಚಿಕ್ಕ ಚೀಲ ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಆಹಾರ ಕರುಳಿನ ಮೊದಲ ಭಾಗವನ್ನು ಮುಟ್ಟದೆ ಮುಂದೆ ಹೋಗುತ್ತದೆ.

ಸಾಮಾನ್ಯ ಜಠರದಲ್ಲಿ ಮದ್ಯ ಸ್ವಲ್ಪ ಹೊತ್ತು ನಿಲ್ಲುತ್ತದೆ. ಜಠರದ ಒಳಪದರದಲ್ಲಿರುವ ಕಿಣ್ವ ಅದರ ಒಂದು ಪಾಲನ್ನು ರಕ್ತಕ್ಕೆ ಸೇರುವ ಮೊದಲೇ ಒಡೆಯುತ್ತದೆ. ಉಳಿದದ್ದು ನಿಧಾನವಾಗಿ ಕರುಳಿಗೆ ಇಳಿಯುತ್ತದೆ. ಮದ್ಯವನ್ನು ಬೇಗ ಹೀರುವುದು ಕರುಳೇ.

ಆಪರೇಷನ್ ಆದ ಮೇಲೆ ಆ ಕಿಣ್ವದ ಜಾಗ ಕಡಿಮೆ, ಮದ್ಯ ನಿಲ್ಲುವ ಜಾಗವೂ ಕಡಿಮೆ. ಬಾಗಿಲು ತೆರೆದಿಟ್ಟಂತೆ ಅದು ಸೀದಾ ಕರುಳಿಗೆ ಇಳಿಯುತ್ತದೆ. ಊಟವೂ ಮೊದಲಿನಷ್ಟು ಹೋಗುವುದಿಲ್ಲವಾದ್ದರಿಂದ ತಡೆಯಲು ಹೊಟ್ಟೆಯಲ್ಲಿ ಅನ್ನವೂ ಇಲ್ಲ. ತೂಕ ಇಳಿದು ದೇಹವೂ ಚಿಕ್ಕದಾಗಿದೆ. ಹೀಗಾಗಿ ಅದೇ ಪೆಗ್ ರಕ್ತದಲ್ಲಿ ಕೆಲವೇ ನಿಮಿಷಗಳಲ್ಲಿ ಏರುತ್ತದೆ, ಹೆಚ್ಚು ಮಟ್ಟಕ್ಕೆ ಏರುತ್ತದೆ, ಇಳಿಯಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ.

ಅಮೆರಿಕದಲ್ಲಿ ಬೈಪಾಸ್ ಆದ ಮಹಿಳೆಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಸಾರ ಇಷ್ಟು: ಅವರು ಎರಡು ಡ್ರಿಂಕ್ ಕುಡಿದರೆ ರಕ್ತದಲ್ಲಿ ನಾಲ್ಕು ಡ್ರಿಂಕ್ ಕುಡಿದಷ್ಟು ಮದ್ಯ ಕಾಣುತ್ತದೆ. ಸ್ಲೀವ್ ಆದವರು "ನನ್ನದು ಬೈಪಾಸ್ ಅಲ್ಲವಲ್ಲ" ಎಂದು ನೆಮ್ಮದಿ ಪಡುವ ಹಾಗಿಲ್ಲ. 2018ರಲ್ಲಿ ಬಂದ ಅಧ್ಯಯನದಲ್ಲಿ ಸ್ಲೀವ್ ಆದ ಮಹಿಳೆಯರಲ್ಲೂ ಇದೇ ರೀತಿಯ ಏರಿಕೆ ಕಂಡಿದೆ.

*2. ಮನೆಯ ಲೆಕ್ಕ*

ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ವಿಸ್ಕಿ, ಬ್ರಾಂದಿ, ರಮ್‌ಗಳಲ್ಲಿ ಮದ್ಯಾಂಶ ಶೇ. 42.8.

- 30 ಎಂ.ಎಲ್. ಸ್ಮಾಲ್: ಸುಮಾರು 10 ಗ್ರಾಂ ಶುದ್ಧ ಮದ್ಯ
- 60 ಎಂ.ಎಲ್. ಲಾರ್ಜ್: ಸುಮಾರು 20 ಗ್ರಾಂ
- 180 ಎಂ.ಎಲ್. ಕ್ವಾರ್ಟರ್: ಸುಮಾರು 60 ಗ್ರಾಂ
- 650 ಎಂ.ಎಲ್. ಬಿಯರ್, ಶೇ. 5ರದ್ದು: ಸುಮಾರು 25 ಗ್ರಾಂ. ಶೇ. 8ರ ಸ್ಟ್ರಾಂಗ್ ಬಿಯರ್ ಆದರೆ ಸುಮಾರು 40 ಗ್ರಾಂ

ಅಂದರೆ "ಬಿಯರ್ ತಾನೇ" ಎಂದು ಒಂದು ಸ್ಟ್ರಾಂಗ್ ಬಾಟಲ್ ಮುಗಿಸಿದವರು ನಾಲ್ಕು ಸ್ಮಾಲ್ ಕುಡಿದ ಹಾಗೆ. ಮೇಲೆ ಹೇಳಿದ ಅಧ್ಯಯನದ ಪ್ರಕಾರ ಬೈಪಾಸ್ ಆದವರಿಗೆ ಅದರ ಪರಿಣಾಮ ಇನ್ನೂ ದುಪ್ಪಟ್ಟು. ಜೊತೆಗೆ ಬಿಯರ್, ಸೋಡಾಗಳಲ್ಲಿರುವ ಗ್ಯಾಸ್ ಚಿಕ್ಕದಾದ ಹೊಟ್ಟೆಯನ್ನು ಉಬ್ಬಿಸಿ ನೋವು ಕೊಡುತ್ತದೆ.

ತೂಕದ ಲೆಕ್ಕವನ್ನೂ ನೋಡಿ. ಒಂದು ಗ್ರಾಂ ಮದ್ಯಕ್ಕೆ 7 ಕ್ಯಾಲೊರಿ. ಒಂದು ಕ್ವಾರ್ಟರ್ ಅಂದರೆ 400ಕ್ಕೂ ಹೆಚ್ಚು ಕ್ಯಾಲೊರಿ. ಅದರಲ್ಲಿ ಪ್ರೋಟೀನ್ ಇಲ್ಲ, ವಿಟಮಿನ್ ಇಲ್ಲ. ಘನ ಆಹಾರಕ್ಕೆ "ಸಾಕು" ಎನ್ನುವ ಹೊಟ್ಟೆ ದ್ರವಕ್ಕೆ ಸಾಕು ಎನ್ನುವುದಿಲ್ಲ, ಅದು ಜಾರಿ ಹೋಗುತ್ತದೆ. ಲಕ್ಷಗಟ್ಟಲೆ ಖರ್ಚು ಮಾಡಿ ಇಳಿಸಿದ ತೂಕ ಹೀಗೂ ವಾಪಸ್ ಬರುತ್ತದೆ.

*3. ಅಪಾಯ ಮೊದಲ ವರ್ಷಕ್ಕಿಂತ ಆಮೇಲೆ ಹೆಚ್ಚು*

ಇದನ್ನು ದಯವಿಟ್ಟು ಎರಡು ಸಲ ಓದಿ.

ಅಮೆರಿಕದ 10 ಆಸ್ಪತ್ರೆಗಳಲ್ಲಿ ಆಪರೇಷನ್ ಮಾಡಿಸಿಕೊಂಡ 1,945 ಜನರನ್ನು ಹಿಂಬಾಲಿಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಕುಡಿತದ ಸಮಸ್ಯೆ ಇದ್ದವರು ಆಪರೇಷನ್‌ಗೆ ಮೊದಲು ಶೇ. 7.6. ಮೊದಲ ವರ್ಷದ ಕೊನೆಗೆ ಶೇ. 7.3. ಎರಡನೇ ವರ್ಷದ ಕೊನೆಗೆ ಶೇ. 9.6. ಅದೇ ಯೋಜನೆಯಲ್ಲಿದ್ದವರನ್ನು ಇನ್ನೂ ಮುಂದಕ್ಕೆ ನೋಡಿದಾಗ, ಬೈಪಾಸ್ ಆದವರಲ್ಲಿ ಐದು ವರ್ಷದೊಳಗೆ ಸುಮಾರು ಐವರಲ್ಲಿ ಒಬ್ಬರಿಗೆ ಕುಡಿತದ ಸಮಸ್ಯೆಯ ಲಕ್ಷಣಗಳು ಹೊಸದಾಗಿ ಕಾಣಿಸಿಕೊಂಡಿದ್ದವು.

ಯಾಕೆ ಹೀಗೆ? ಮೊದಲ ವರ್ಷ ಎಲ್ಲರ ಕಣ್ಣು ರೋಗಿಯ ಮೇಲಿರುತ್ತದೆ. ಡಯಟೀಷಿಯನ್ ಫೋನ್ ಮಾಡುತ್ತಾರೆ, ಹೆಂಡತಿ ಅಳೆದು ಬಡಿಸುತ್ತಾರೆ, ಊರಿಂದ ಅಮ್ಮ ಬಂದು ಎರಡು ತಿಂಗಳು ಇದ್ದು ಹೋಗುತ್ತಾರೆ. ಎರಡನೇ ವರ್ಷ ಹೊಸ ಬಟ್ಟೆ, ಹೊಸ ಉತ್ಸಾಹ, ಆಫೀಸಿನ ಪಾರ್ಟಿಗೆ ಕರೆ. "ಈಗ ಚೆನ್ನಾಗಿದ್ದೀಯಲ್ಲ, ಒಂದು ತಗೋ" ಎನ್ನುವವರು ಸಿಗುತ್ತಾರೆ. ತಪಾಸಣೆಗೆ ಹೋಗುವುದು ನಿಲ್ಲುತ್ತದೆ. ಮೊದಲು ಬೇಜಾರಾದಾಗ ಊಟದಲ್ಲಿ ಸಮಾಧಾನ ಹುಡುಕುತ್ತಿದ್ದವರಿಗೆ ಈಗ ಆ ದಾರಿ ಮುಚ್ಚಿದೆ. ಆ ಜಾಗಕ್ಕೆ ಗ್ಲಾಸ್ ಬಂದು ಕೂರಬಹುದು. ಮದ್ಯ ಬೇಗ ಏರುವುದರಿಂದ ಅಭ್ಯಾಸವೂ ಬೇಗ ಅಂಟುತ್ತದೆ.

2012ರ ಅಧ್ಯಯನ ಯಾರಿಗೆ ಅಪಾಯ ಹೆಚ್ಚು ಎಂದೂ ಹೇಳಿದೆ: ಗಂಡಸರು, ಚಿಕ್ಕ ವಯಸ್ಸಿನವರು, ಸಿಗರೇಟ್ ಸೇದುವವರು, ಮೊದಲೇ ನಿಯಮಿತವಾಗಿ ಕುಡಿಯುತ್ತಿದ್ದವರು, ಬೈಪಾಸ್ ಆದವರು. ಇವುಗಳ ಜೊತೆಗೆ ಇನ್ನೊಂದು ಇದೆ: *ತಮ್ಮವರು ಅಂತ ಸುತ್ತ ಯಾರೂ ಇಲ್ಲ ಅನ್ನಿಸುವವರು.*

ಊರು ಬಿಟ್ಟು ಬಂದ ನಮಗೆ ಈ ಕೊನೆಯ ಸಾಲು ಬೇಗ ಅರ್ಥವಾಗುತ್ತದೆ. ಹೆಂಡತಿ ಮಕ್ಕಳನ್ನು ದಾವಣಗೆರೆಯಲ್ಲೋ ಹಾಸನದಲ್ಲೋ ಬಿಟ್ಟು ಒಎಂಆರ್ ಕಡೆ ರೂಮ್ ಮಾಡಿಕೊಂಡಿರುವವರು ಇದ್ದಾರೆ. ಭಾಷೆ ಇನ್ನೂ ಪೂರ್ತಿ ಬಾರದೆ ಅಪಾರ್ಟ್‌ಮೆಂಟಿನಲ್ಲಿ ದಿನವಿಡೀ ಒಬ್ಬರೇ ಇರುವ ಹೆಣ್ಣುಮಕ್ಕಳೂ ಇದ್ದಾರೆ. ಆಪರೇಷನ್ ಆದ ಇಂಥವರಿಗೆ ವಾರಕ್ಕೊಂದು ಫೋನ್, ತಿಂಗಳಿಗೊಮ್ಮೆ ಮನೆಗೆ ಕರೆದು ಒಂದು ಊಟ ಕೂಡ ಔಷಧಿಯೇ.

*4. ಅಮಲಿನಂತೆ ಕಾಣುವ, ಅಮಲಲ್ಲದ ಎರಡು ತುರ್ತು ಸ್ಥಿತಿಗಳು*

ಮನೆಯವರು ತಿಳಿದಿರಲೇಬೇಕಾದ ಭಾಗ ಇದು. "ಕುಡಿದು ಬಿದ್ದಿದ್ದಾನೆ, ಬೆಳಿಗ್ಗೆ ಸರಿಹೋಗುತ್ತಾನೆ" ಎಂದು ಬಾಗಿಲು ಹಾಕಿಕೊಂಡರೆ ಜೀವ ಹೋಗಬಹುದು.

ಮೊದಲನೆಯದು, ರಕ್ತದಲ್ಲಿ ಸಕ್ಕರೆ ಕುಸಿಯುವುದು. ಊಟವಿಲ್ಲದಿದ್ದಾಗ ಲಿವರ್ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಮದ್ಯ ಆ ಕೆಲಸವನ್ನು ತಡೆಯುತ್ತದೆ. ಬೈಪಾಸ್ ಆದವರಲ್ಲಿ ಊಟವಾದ ಒಂದರಿಂದ ಮೂರು ಗಂಟೆಯಲ್ಲಿ ಸಕ್ಕರೆ ತಾನಾಗಿಯೇ ಇಳಿಯುವ ತೊಂದರೆ ಇರಬಹುದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು. ಬೆವರು, ಕೈ ನಡುಕ, ತೊದಲು, ಗೊಂದಲ, ಸಿಡುಕು, ಆಮೇಲೆ ಪ್ರಜ್ಞೆ ತಪ್ಪುವುದು: ಎಲ್ಲವೂ ಅಮಲಿನ ಹಾಗೆಯೇ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಕೂಡಲೇ ನೋಡಿ. 70ಕ್ಕಿಂತ ಕಡಿಮೆ ಇದ್ದು, ಎಚ್ಚರವಿದ್ದು ನುಂಗಲು ಆಗುವುದಾದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ, 15 ನಿಮಿಷದ ನಂತರ ಮತ್ತೆ ನೋಡಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. 108ಕ್ಕೆ ಕರೆ ಮಾಡಿ.

ಎರಡನೆಯದು, ಥಯಮಿನ್ ಕೊರತೆ. ಥಯಮಿನ್ ಅಂದರೆ ವಿಟಮಿನ್ ಬಿ1. ದೇಹದಲ್ಲಿ ಇದರ ದಾಸ್ತಾನು ಎರಡು ಮೂರು ವಾರಕ್ಕಷ್ಟೇ ಸಾಕಾಗುತ್ತದೆ. ಆಪರೇಷನ್ ಆದವರು ಕಡಿಮೆ ತಿನ್ನುತ್ತಾರೆ, ಕೆಲವರಿಗೆ ವಾಂತಿ ನಿಲ್ಲುವುದಿಲ್ಲ, ವಿಟಮಿನ್ ಮಾತ್ರೆ ಮರೆಯುತ್ತಾರೆ. ಮದ್ಯ ಸೇರಿದರೆ ಇರುವ ಥಯಮಿನ್ ಕೂಡ ಸರಿಯಾಗಿ ಹೀರಲ್ಪಡುವುದಿಲ್ಲ. ಆಗ ಮೆದುಳಿಗೆ ಪೆಟ್ಟು ಬೀಳುತ್ತದೆ. ವೈದ್ಯರು ಇದನ್ನು ವರ್ನಿಕೆ ಎನ್ಸೆಫಲೋಪತಿ ಎನ್ನುತ್ತಾರೆ. ಲಕ್ಷಣಗಳು ಮೂರು: ಗೊಂದಲ, ಕಣ್ಣಿನ ಚಲನೆ ಕೆಟ್ಟು ಎರಡೆರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು. ಮೂರೂ ಒಟ್ಟಿಗೆ ಇರಲೇಬೇಕೆಂದಿಲ್ಲ. ಬೇಗ ಥಯಮಿನ್ ಇಂಜೆಕ್ಷನ್ ಸಿಕ್ಕರೆ ಸುಧಾರಿಸುತ್ತದೆ. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು.

ಇಲ್ಲಿ ಒಂದು ಸೂಕ್ಷ್ಮವಿದೆ. ಥಯಮಿನ್ ಇಲ್ಲದವರಿಗೆ ಬರೀ ಗ್ಲೂಕೋಸ್ ಡ್ರಿಪ್ ಹಾಕಿದರೆ ಸ್ಥಿತಿ ಕೆಡಬಹುದು. ಹಾಗೆಂದು ಸಕ್ಕರೆ ಕುಸಿದಿದ್ದರೆ ಗ್ಲೂಕೋಸ್ ತಡ ಮಾಡುವಂತೆಯೂ ಇಲ್ಲ. ಎರಡೂ ಜೊತೆಗೆ ಬೇಕು. ಅದನ್ನು ತೀರ್ಮಾನಿಸುವುದು ಡಾಕ್ಟರ ಕೆಲಸ. ನಿಮ್ಮ ಕೆಲಸ, ಆಪರೇಷನ್ ಆಗಿರುವ ವಿಷಯವನ್ನು ಮೊದಲ ಮಾತಿನಲ್ಲೇ ಹೇಳುವುದು. ಗಾಬರಿಯಲ್ಲಿ ತಮಿಳು ಬಾಯಿಗೆ ಬರುವುದಿಲ್ಲ. ಆದ್ದರಿಂದ ಈ ಸಾಲನ್ನು ಫೋನಿನಲ್ಲಿ ಉಳಿಸಿಕೊಳ್ಳಿ:

*"ಇವರುಕ್ಕು ವೆಯ್ಟ್ ಕುರೈಕ್ಕಿರ ಆಪರೇಷನ್ ಪಣ್ಣಿಯಿರುಕ್ಕು. ಥಯಮಿನ್ ಕುಡುಕ್ಕಣುಮಾ, ಡಾಕ್ಟರ್?"*

ಅಂದರೆ, "ಇವರಿಗೆ ತೂಕ ಇಳಿಸುವ ಆಪರೇಷನ್ ಆಗಿದೆ. ಥಯಮಿನ್ ಕೊಡಬೇಕಾ ಡಾಕ್ಟರೇ?" ಯಾವ ಆಪರೇಷನ್, ಯಾವ ತಾರೀಖು, ಯಾವ ಆಸ್ಪತ್ರೆ, ಏನೇನು ಮಾತ್ರೆ ಎಂದು ಬರೆದ ಒಂದು ಚೀಟಿ ರೋಗಿಯ ಪರ್ಸಿನಲ್ಲಿರಲಿ.

*5. ಇನ್ನುಳಿದ ತೊಂದರೆಗಳು*

ಹುಣ್ಣು: ಬೈಪಾಸ್‌ನಲ್ಲಿ ಜಠರ ಮತ್ತು ಕರುಳನ್ನು ಜೋಡಿಸಿದ ಜಾಗದಲ್ಲಿ ಹುಣ್ಣಾಗಬಹುದು. ಸಿಗರೇಟ್ ಮತ್ತು ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಇದಕ್ಕೆ ಮುಖ್ಯ ಕಾರಣ. ಮದ್ಯ ಅದನ್ನು ಕೆರಳಿಸುತ್ತದೆ. ರಾತ್ರಿ ಕುಡಿದು, ಬೆಳಿಗ್ಗೆ ತಲೆನೋವಿಗೆ ಮೆಡಿಕಲ್ ಶಾಪಿನ ಮಾತ್ರೆ ನುಂಗುವುದು ಎರಡು ಪಟ್ಟು ಅಪಾಯ. ಟಾರಿನಂತೆ ಕಪ್ಪಾದ ಮಲ ಅಥವಾ ರಕ್ತವಾಂತಿ ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಲಿವರ್: ತೂಕ ಹೆಚ್ಚಿದ್ದವರಲ್ಲಿ ಹಲವರಿಗೆ ಆಪರೇಷನ್‌ಗೆ ಮೊದಲೇ ಲಿವರ್‌ನಲ್ಲಿ ಕೊಬ್ಬು ಕೂಡಿರುತ್ತದೆ. ತೂಕ ಇಳಿದಾಗ ಅದು ಚೇತರಿಸಿಕೊಳ್ಳುತ್ತಿರುತ್ತದೆ. ಆ ಹೊತ್ತಿನಲ್ಲಿ ಮದ್ಯ ಕೊಟ್ಟರೆ ಮಾಗುವ ಗಾಯವನ್ನು ಕೆರೆದಂತೆ.

ವಾಹನ: ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯವಿದ್ದು ಗಾಡಿ ಓಡಿಸಿದರೆ ಅಪರಾಧ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಆಪರೇಷನ್ ಆದವರು ಒಂದೇ ಪೆಗ್‌ನಲ್ಲಿ ಈ ಗಡಿ ದಾಟಬಹುದು. ಶನಿವಾರ ಪುದುಚೇರಿಗೆ ಹೋಗಿ ಇಸಿಆರ್‌ನಲ್ಲಿ ವಾಪಸ್ ಬರುವವರು ದಂಡಕ್ಕಿಂತ ಮೊದಲು ಎದುರಿನ ಲಾರಿಯನ್ನು ನೆನಪಿಡಿ.

*6. ಎಲ್ಲೆಲ್ಲಿ ಎಚ್ಚರ ತಪ್ಪುತ್ತೇವೆ?*

ಆಪರೇಷನ್‌ಗೆ ಮೊದಲಿನ ಕೌನ್ಸೆಲಿಂಗ್: ಪಕ್ಕದಲ್ಲಿ ಅಪ್ಪ, ಅತ್ತೆ, ಹೆಂಡತಿ ಕೂತಿರುತ್ತಾರೆ. "ಕುಡೀತೀರಾ?" ಎಂದು ಡಾಕ್ಟರ್ ಕೇಳಿದರೆ "ಇಲ್ಲ ಸಾರ್, ಯಾವಾಗಲಾದರೊಮ್ಮೆ" ಎಂಬ ಉತ್ತರ ಬರುತ್ತದೆ. "ಒಂದೈದು ನಿಮಿಷ ಒಬ್ಬನೇ ಮಾತಾಡಬೇಕು" ಎಂದು ಕೇಳಿ, ನಿಜ ಹೇಳಿ. ನಿಜ ಹೇಳಿದರೆ ಆಪರೇಷನ್ ರದ್ದಾಗಿಯೇ ಬಿಡುತ್ತದೆ ಎಂದೇನಿಲ್ಲ. ಯಾವ ಬಗೆಯ ಆಪರೇಷನ್, ಯಾವಾಗ, ಮೊದಲು ಯಾವ ಚಿಕಿತ್ಸೆ ಎಂಬುದನ್ನು ಅವರು ಸರಿಯಾಗಿ ತೀರ್ಮಾನಿಸುತ್ತಾರೆ.

ಬೀಗರ ಊಟ: ಮಂಡ್ಯ, ಮೈಸೂರು, ಹಾಸನದ ಕಡೆಯವರಿಗೆ ಹೇಳಬೇಕಾಗಿಲ್ಲ. ಬಾಡೂಟದ ಹಿಂದೆ ಗ್ಲಾಸೂ ಬರುತ್ತದೆ. "ಏ ಒಂದೇ ಒಂದು ಹಾಕ್ಕೊಳೋ, ಮದ್ರಾಸ್‌ಗೆ ಹೋಗಿ ದೊಡ್ಡ ಮನುಷ್ಯ ಆಗ್ಬಿಟ್ಯಾ?" ಎನ್ನುವ ಭಾವಮೈದ ಇದ್ದೇ ಇರುತ್ತಾನೆ. ಉದ್ದ ವಿವರಣೆ ಕೊಡಬೇಡಿ. "ಹೊಟ್ಟೆ ಆಪರೇಷನ್ ಆಗಿದೆ ಭಾವ, ಡಾಕ್ಟ್ರು ಬೇಡ ಅಂದಿದ್ದಾರೆ" ಎಂಬ ಒಂದೇ ಸಾಲು ಸಾಕು. ಕೈಯಲ್ಲಿ ನೀರುಮಜ್ಜಿಗೆಯ ಲೋಟ ಇದ್ದರೆ ಇನ್ನೊಂದು ಲೋಟ ಹಿಡಿಸಲು ಯಾರೂ ಬರುವುದಿಲ್ಲ.

ಅರಿಷ್ಟ, ಆಸವ: ದಶಮೂಲಾರಿಷ್ಟ, ಅಶ್ವಗಂಧಾರಿಷ್ಟದಂಥ ಔಷಧಿಗಳಲ್ಲಿ ಹುದುಗುವಿಕೆಯಿಂದ ತಾನಾಗಿ ಹುಟ್ಟಿದ ಮದ್ಯಾಂಶ ಇರುತ್ತದೆ. ಬಾಟಲಿಯ ಲೇಬಲ್ ಓದಿ. ಕೆಲವು ಟಾನಿಕ್, ಕೆಮ್ಮಿನ ಸಿರಪ್‌ಗಳಲ್ಲೂ ಇರಬಹುದು. ಆಪರೇಷನ್ ಮಾಡಿದ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ.

*7. ಹಾಗಾದರೆ ಪೂರ್ತಿ ನಿಲ್ಲಿಸಲೇಬೇಕೇ?*

ಕನಿಷ್ಠ ಮೊದಲ 6 ತಿಂಗಳಿಂದ 1 ವರ್ಷ ಒಂದು ಹನಿಯೂ ಬೇಡ ಎನ್ನುವುದು ಸರ್ಜನ್‌ಗಳ ಸಾಮಾನ್ಯ ಸಲಹೆ. ಮೊದಲೇ ಕುಡಿತದ ಸಮಸ್ಯೆ ಇದ್ದವರು, ಲಿವರ್ ತೊಂದರೆ ಇದ್ದವರು, ಬೈಪಾಸ್ ಆದವರು ಜೀವನಪೂರ್ತಿ ಬಿಟ್ಟರೆ ಒಳ್ಳೆಯದು. ಗರ್ಭಿಣಿಯರಿಗಂತೂ ಪ್ರಶ್ನೆಯೇ ಇಲ್ಲ. ಯಾರಿಗೇ ಆಗಲಿ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಉಳಿದವರು ಮುಂದೆ ಎಂದಾದರೂ ಕುಡಿಯುವುದಾದರೆ ಡಾಕ್ಟರನ್ನು ಕೇಳಿಯೇ. ಖಾಲಿ ಹೊಟ್ಟೆಯಲ್ಲಿ ಬೇಡ, ಒಬ್ಬರೇ ಇರುವಾಗ ಬೇಡ, ಸೋಡಾ ಮತ್ತು ಸಿಹಿ ಜ್ಯೂಸ್ ಜೊತೆ ಬೇಡ, ಆ ದಿನ ಗಾಡಿಯ ಕೀ ಮುಟ್ಟುವುದು ಬೇಡವೇ ಬೇಡ.

*ದಿನವೂ ಕುಡಿಯುತ್ತಿರುವವರು ಒಂದೇ ದಿನದಲ್ಲಿ ತಾವಾಗಿಯೇ ನಿಲ್ಲಿಸಬಾರದು.* ಕೈ ನಡುಕ, ಫಿಟ್ಸ್, ಭ್ರಮೆ ಬರಬಹುದು. ಡಾಕ್ಟರ ಸಹಾಯದಿಂದ ನಿಲ್ಲಿಸಬೇಕು.

*8. ಮನೆಯವರು ಗಮನಿಸಬೇಕಾದ ಗುರುತುಗಳು*

- ಊಟ ಬಿಟ್ಟು ಆ ಜಾಗವನ್ನು ಮದ್ಯಕ್ಕೆ ಉಳಿಸಿಕೊಳ್ಳುವುದು
- ಸ್ವಲ್ಪ ಕುಡಿದರೂ ಮಾತು ತೊದಲುವುದು, ಮಾರನೆಯ ದಿನ ಏನೂ ನೆನಪಿಲ್ಲದಿರುವುದು
- ಕಾರಿನಲ್ಲಿ, ಅಟ್ಟದಲ್ಲಿ ಬಚ್ಚಿಟ್ಟ ಬಾಟಲಿಗಳು
- ತಪಾಸಣೆಗೆ, ರಕ್ತ ಪರೀಕ್ಷೆಗೆ ಹೋಗಲು ನೆಪ ಹೇಳುವುದು
- ನಿಂತಿದ್ದ ತೂಕ ಮತ್ತೆ ಏರುವುದು, ಅಥವಾ ವಿಪರೀತ ಇಳಿಯುವುದು

ಇವು ಕಂಡರೆ ಬೈಗುಳದಿಂದ ಶುರುಮಾಡಬೇಡಿ. ಬೆಳಿಗ್ಗೆ, ಅಮಲಿಲ್ಲದ ಹೊತ್ತಿನಲ್ಲಿ ಕೂತು ಮಾತಾಡಿ. "ನಿನ್ನ ಹೊಟ್ಟೆ ಮೊದಲಿನ ಹಾಗಿಲ್ಲ, ನನಗೆ ಹೆದರಿಕೆಯಾಗುತ್ತದೆ" ಎಂದು ಹೇಳಿ. ಇದು ನಡತೆಯ ದೋಷವಲ್ಲ, ಚಿಕಿತ್ಸೆ ಇರುವ ಕಾಯಿಲೆ.

*9. ಸಹಾಯ ಎಲ್ಲಿದೆ?*

- ಮೊದಲು ಆಪರೇಷನ್ ಮಾಡಿದ ತಂಡ. ಎಷ್ಟು ವರ್ಷ ಕಳೆದಿದ್ದರೂ ಹೋಗಬಹುದು.
- ಚೆನ್ನೈನ ಅಡ್ಯಾರ್ ಇಂದಿರಾ ನಗರದಲ್ಲಿ ಟಿ.ಟಿ.ಕೆ. ಆಸ್ಪತ್ರೆ ಇದೆ. ಕುಡಿತದ ಕಾಯಿಲೆಯಿಂದ ಪತಿಯನ್ನು ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಆರಂಭಿಸಿದ ಸಂಸ್ಥೆ ಇದು. ಅವರಿಗೆ 1992ರಲ್ಲಿ ಪದ್ಮಶ್ರೀ ಬಂತು. ಇಲ್ಲಿ ರೋಗಿಯ ಜೊತೆ ಮನೆಯವರಿಗೂ ಮಾರ್ಗದರ್ಶನ ಸಿಗುತ್ತದೆ.
- ಕನ್ನಡದಲ್ಲೇ ಮನಸ್ಸು ಬಿಚ್ಚಿ ಮಾತಾಡಬೇಕು ಎನ್ನುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ಬೆಳಗಿನ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ಬೆಂಗಳೂರು.
- ಟೆಲಿ ಮಾನಸ್: 14416. ಉಚಿತ ಕರೆ, ಭಾಷೆ ಆರಿಸಿಕೊಳ್ಳಬಹುದು.
- ವ್ಯಸನ ಮುಕ್ತಿ ರಾಷ್ಟ್ರೀಯ ಸಹಾಯವಾಣಿ: 14446.
- ತುರ್ತು ಆಂಬುಲೆನ್ಸ್: 108.

ಪ್ರಜ್ಞೆ ಇಲ್ಲದವರನ್ನು ಒಂದು ಮಗ್ಗುಲಿಗೆ ಮಲಗಿಸಿ. ವಾಂತಿ ಮಾಡಿಸಲು ಹೋಗಬೇಡಿ. ಕಾಫಿ, ಮಜ್ಜಿಗೆ, ನಿಂಬೆ ರಸ ಬಾಯಿಗೆ ಹಾಕಬೇಡಿ. ಆಂಬುಲೆನ್ಸ್ ಬರುವವರೆಗೆ ಒಬ್ಬರನ್ನೇ ಬಿಡಬೇಡಿ.

*ನೆನಪಿಡಬೇಕಾದ ಐದು ಮಾತು*

1. ಆಪರೇಷನ್ ಆದ ಮೇಲೆ ಹಳೆಯ ಲಿಮಿಟ್ ಇಲ್ಲ.
2. ಎರಡನೇ ವರ್ಷದಿಂದ ಎಚ್ಚರ ಇನ್ನೂ ಹೆಚ್ಚಿರಲಿ.
3. ತೂರಾಟವೆಲ್ಲ ಅಮಲಲ್ಲ. ಸಕ್ಕರೆ ನೋಡಿ, ಥಯಮಿನ್ ಕೇಳಿ.
4. ವಿಟಮಿನ್ ಮಾತ್ರೆ ಮತ್ತು ತಪಾಸಣೆ ಜೀವನಪೂರ್ತಿ.
5. ಊರಿಂದ ದೂರ ಇರುವವರನ್ನು ಒಂಟಿ ಬಿಡಬೇಡಿ.

ಈ ಬರಹ ತಿಳಿವಳಿಕೆಗಾಗಿ ಮಾತ್ರ. ನಿಮ್ಮ ಚಿಕಿತ್ಸೆ, ಮಾತ್ರೆಗಳ ಬಗ್ಗೆ ನಿಮ್ಮ ಡಾಕ್ಟರ ಮಾತೇ ಅಂತಿಮ. ನಿಮ್ಮ ಪರಿಚಯದಲ್ಲಿ ಈ ಆಪರೇಷನ್ ಆದವರಿದ್ದರೆ ಗ್ರೂಪಿಗೆ ಕಳಿಸುವುದಕ್ಕಿಂತ ಅವರಿಗೇ ನೇರವಾಗಿ ಕಳಿಸಿ, ಜೊತೆಗೆ ಒಂದು ಫೋನ್ ಕೂಡ ಮಾಡಿ.